ನಿಸರ್ಗವಾದಿ ವಾಸ್ತವವಾದಿಯೇ ಆಗಿರಬೇಕೇ?

ವಿಶ್ಲೇಷಣಾತ್ಮಕ ತತ್ವಶಾಸ್ತ್ರವನ್ನು ಅಷ್ಟಿಷ್ಟು ಓದಿಕೊಂಡವರ ನಡುವೆ ಒಂದು ಸಮೀಕರಣ ಬಹಳ ಕಾಲದಿಂದ ಚಲಾವಣೆಯಲ್ಲಿದೆ. ನಿಸರ್ಗವಾದವನ್ನು ಒಪ್ಪಿದವರು ವಾಸ್ತವವಾದಿಗಳು, ಸತ್ಯವೆಂಬುದು ಆಯಾ ಸಮಾಜದ, ಆಯಾ ಚೌಕಟ್ಟಿನ ಮಟ್ಟಿಗೆ ಮಾತ್ರ ಎನ್ನುವ ಸಾಪೇಕ್ಷತಾವಾದವನ್ನು ಒಪ್ಪಿದವರು ವಿಜ್ಞಾನದ ಬಗ್ಗೆ ಅನುಮಾನ ಇಟ್ಟುಕೊಂಡವರು ಎಂಬುದು ಆ ಸಮೀಕರಣ. ಜಗತ್ತಿನಲ್ಲಿ ಏನೇನಿದೆ ಎಂದು ಹೇಳುವ ಅಧಿಕಾರ ವಿಜ್ಞಾನಕ್ಕೆ ಸೇರಿದ್ದು, ವಿಜ್ಞಾನಕ್ಕಿಂತ ಮೇಲೆ ಕುಳಿತು ತೀರ್ಪು ಕೊಡುವ ತತ್ವಶಾಸ್ತ್ರವೊಂದಿಲ್ಲ ಎಂದು ನಿಸರ್ಗವಾದ ಹೇಳುತ್ತದೆ. ಆದ್ದರಿಂದ ಎಲೆಕ್ಟ್ರಾನುಗಳೂ ಜೀನುಗಳೂ ನಮ್ಮ ನಂಬಿಕೆಯ ಹಂಗಿಲ್ಲದೆ ಇವೆ ಎಂಬ ವಾಸ್ತವವಾದ ಅದರ ಬೆನ್ನಿಗೇ ಬರುತ್ತದೆ ಎಂದು ಜನ ಭಾವಿಸುತ್ತಾರೆ. ಈ ತೀರ್ಮಾನ ಅವಸರದ್ದೆಂದು ನನಗೆ ಅನ್ನಿಸುತ್ತದೆ. ನಿಸರ್ಗವಾದಕ್ಕೆ ಇಂದಿನ ರೂಪ ಕೊಟ್ಟ ವಿಲರ್ಡ್ ವ್ಯಾನ್ ಆರ್ಮನ್ ಕ್ವೈನ್ ಅವರ ಬರವಣಿಗೆಯಲ್ಲಿಯೇ ರಾಜಿಯಿಲ್ಲದ ವಾಸ್ತವವಾದವೂ ಇದೆ, ‘ಸತ್ತಾ ಸಾಪೇಕ್ಷತೆ’ (ಯಾವ ವಸ್ತುಗಳಿವೆ ಎಂಬ ಮಾತಿನ ಸಾಪೇಕ್ಷತೆ) ಎಂದು ಅವರೇ ಹೆಸರಿಟ್ಟು ಮಂಡಿಸಿದ ಸಿದ್ಧಾಂತವೂ ಇದೆ. ಇವೆರಡೂ ಒಂದೇ ಮನೆಯಲ್ಲಿ ಹೇಗೆ ಬಾಳುತ್ತವೆ ಎಂಬುದನ್ನು ನೋಡದೆ ಆ ಸಮೀಕರಣವನ್ನು ಒಪ್ಪುವುದು ಸರಿಯಲ್ಲ.

ಕ್ವೈನ್ 1908ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಏಕ್ರನ್ ಊರಿನಲ್ಲಿ ಹುಟ್ಟಿದರು. ವೃತ್ತಿಜೀವನವನ್ನೆಲ್ಲ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಳೆದು 2000ದಲ್ಲಿ ತೀರಿಕೊಂಡರು. 1932–33ರಲ್ಲಿ ಯುರೋಪಿಗೆ ಹೋದಾಗ ವಿಯೆನ್ನಾ, ಪ್ರಾಗ್ ಮತ್ತು ವಾರ್ಸಾಗಳಲ್ಲಿ ತಿರುಗಿ, ಪ್ರಾಗ್‌ನಲ್ಲಿ ತತ್ವಜ್ಞ ರುಡಾಲ್ಫ್ ಕಾರ್ನಾಪ್ ಅವರ ಶಿಷ್ಯರಂತಾದರು. ಮುಂದೆ ಅವರು ಬರೆದದ್ದರಲ್ಲಿ ಬಹುಪಾಲು ಈ ಗುರುವಿನೊಡನೆ ನಡೆಸಿದ ವಾದವೇ. ಯಾವುದೇ ಭಾಷಿಕ ಚೌಕಟ್ಟಿನ, ಅಂದರೆ ಒಂದು ವಿಷಯದ ಬಗ್ಗೆ ಮಾತಾಡಲು ರೂಪಿಸಿಕೊಂಡ ಭಾಷೆಯ, ನಿಯಮಗಳು ಆ ಚೌಕಟ್ಟಿನೊಳಗೆ ಅರ್ಥಬಲದಿಂದಲೇ ಸತ್ಯ, ಯಾವ ಚೌಕಟ್ಟನ್ನು ಆರಿಸಿಕೊಳ್ಳಬೇಕೆಂಬುದು ಮಾತ್ರ ಅನುಕೂಲದ ಪ್ರಶ್ನೆ ಎಂದು ಕಾರ್ನಾಪ್ ತಿಳಿದಿದ್ದರು. ‘ಸಂಖ್ಯೆಗಳು ಇವೆಯೇ’ ಎಂದು ಚೌಕಟ್ಟಿನ ಒಳಗೆ ಕೇಳಿದರೆ ಉತ್ತರ ಸುಲಭ. ಹೊರಗೆ ನಿಂತು ಕೇಳಿದರೆ ಪ್ರಶ್ನೆಗೆ ಸೈದ್ಧಾಂತಿಕ ಅರ್ಥವೇ ಇಲ್ಲ. ಇಂಥ ಏರ್ಪಾಡಿನಲ್ಲಿ ಸಾಪೇಕ್ಷತೆಗೆ ಒಂದು ಸೌಮ್ಯವಾದ, ನಿರಪಾಯಕಾರಿಯಾದ ಜಾಗ ಸಿಕ್ಕಿಬಿಡುತ್ತದೆ.

1951ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಕ್ವೈನ್ ಈ ಏರ್ಪಾಡಿನ ಬುಡಕ್ಕೇ ಕೈಹಾಕಿದರು. ಅರ್ಥಬಲದಿಂದ ಮಾತ್ರ ಸತ್ಯವಾಗುವ ವಾಕ್ಯಗಳು ಒಂದು ಕಡೆ, ಅನುಭವದ ಬಲದಿಂದ ಸತ್ಯವಾಗುವ ವಾಕ್ಯಗಳು ಇನ್ನೊಂದು ಕಡೆ ಎಂಬ ವಿಂಗಡಣೆಗೆ ಆಧಾರವಿಲ್ಲ; ನಮ್ಮ ನಂಬಿಕೆಗಳು ಅನುಭವದ ಮುಂದೆ ಒಂಟಿಯಾಗಿ ನಿಲ್ಲುವುದಿಲ್ಲ, ಗುಂಪಾಗಿ ನಿಲ್ಲುತ್ತವೆ; ಎದುರಾದ ಅನುಭವ ಸರಿಹೊಂದದಿದ್ದಾಗ ಗುಂಪಿನಲ್ಲಿ ಯಾರನ್ನು ಬಿಡಬೇಕು, ಯಾರನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಸರಳತೆ ಮತ್ತು ಹಳೆಯದನ್ನು ಆದಷ್ಟು ಕಡಿಮೆ ಕದಲಿಸುವ ಎಚ್ಚರಗಳು ನಿರ್ಧರಿಸುತ್ತವೆ. ಪ್ರಾಚೀನ ಗ್ರೀಕ್ ಕವಿ ಹೋಮರನ ದೇವತೆಗಳ ಪ್ರಸಿದ್ಧ ಮಾತು ಬರುವುದು ಆ ಲೇಖನದ ಕೊನೆಯಲ್ಲಿ. ಅನುಭವದ ಹರಿವನ್ನು ಒಂದು ಕ್ರಮಕ್ಕೆ ತರಲು ನಾವು ಊಹಿಸಿಕೊಂಡವು ಎಂಬ ಅರ್ಥದಲ್ಲಿ ಭೌತಿಕ ವಸ್ತುಗಳಿಗೂ ಹೋಮರನ ದೇವತೆಗಳಿಗೂ ಜಾತಿಭೇದವಿಲ್ಲ, ತರತಮದ ಭೇದ ಮಾತ್ರ ಇದೆ ಎನ್ನುತ್ತಾರೆ ಕ್ವೈನ್. ಅನೇಕರು ಓದು ನಿಲ್ಲಿಸುವುದು ಇಲ್ಲಿಯೇ, ಮತ್ತು ಕ್ವೈನ್ ಅವರನ್ನು ಸಾಪೇಕ್ಷತಾವಾದಿಗಳ ಸಾಲಿಗೆ ಸೇರಿಸುವುದೂ ಇದರ ಆಧಾರದ ಮೇಲೆಯೇ. ತಾನು ಭೌತಿಕ ವಸ್ತುಗಳನ್ನು ನಂಬುತ್ತೇನೆ, ಆ ದೇವತೆಗಳನ್ನು ನಂಬುವುದಿಲ್ಲ, ಬೇರೆ ರೀತಿ ನಂಬುವುದು ವೈಜ್ಞಾನಿಕವಾಗಿ ತಪ್ಪು ಎಂದು ಅದೇ ಜಾಗದಲ್ಲಿ ಅವರು ಬರೆದಿರುವುದನ್ನು ಮಾತ್ರ ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ.

ಈ ಎರಡು ಮಾತುಗಳ ನಡುವಿನ ಬಿಗಿತವನ್ನು ಬಿಡಿಸುವ ಕೀಲಿ ಕ್ವೈನ್ ಅವರ 1969ರ ಲೇಖನದಲ್ಲಿದೆ. ಹದಿನೇಳನೆಯ ಶತಮಾನದ ಫ್ರೆಂಚ್ ತತ್ವಜ್ಞ ದೆಕಾರ್ತ್ ಕಾಲದಿಂದ ಜ್ಞಾನಮೀಮಾಂಸೆ, ಅಂದರೆ ಜ್ಞಾನವೆಂದರೇನು, ಅದಕ್ಕೆ ಆಧಾರವೇನು ಎಂದು ವಿಚಾರಿಸುವ ಶಾಸ್ತ್ರ, ವಿಜ್ಞಾನಕ್ಕೆ ಬುನಾದಿ ಹಾಕುವ ಕೆಲಸವನ್ನು ಹೊತ್ತುಕೊಂಡಿತ್ತು. ಆ ಕೆಲಸ ನೆರವೇರುವಂಥದ್ದಲ್ಲ, ಅದನ್ನು ಕೈಬಿಟ್ಟು, ಇಂದ್ರಿಯಗಳ ಮೇಲೆ ಬೀಳುವ ಅತ್ಯಲ್ಪ ಪ್ರಚೋದನೆಯಿಂದ ಮನುಷ್ಯ ಇಷ್ಟೊಂದು ಸಮೃದ್ಧವಾದ ಜಗತ್ತಿನ ಚಿತ್ರವನ್ನು ಹೇಗೆ ಕಟ್ಟುತ್ತಾನೆ ಎಂಬುದನ್ನು ಮನಶ್ಶಾಸ್ತ್ರದ ಒಂದು ಅಧ್ಯಾಯವಾಗಿ ಅಧ್ಯಯನ ಮಾಡೋಣ ಎಂಬುದು ಕ್ವೈನ್ ಅವರ ಸಲಹೆ. ವಿಜ್ಞಾನವನ್ನು ವಿಜ್ಞಾನದಿಂದಲೇ ಸಮರ್ಥಿಸಿದರೆ ಸಾಧಿಸಬೇಕಾದದ್ದನ್ನೇ ಆಧಾರ ಮಾಡಿಕೊಳ್ಳುವ ಅನ್ಯೋನ್ಯಾಶ್ರಯವಾಗುವುದಿಲ್ಲವೇ ಎಂದು ಕೇಳಿದವರಿಗೆ ಅವರ ಉತ್ತರ ನೇರವಾಗಿದೆ: ಬುನಾದಿ ಹಾಕುವ ಆಸೆಯನ್ನೇ ಬಿಟ್ಟ ಮೇಲೆ ಆ ದೋಷ ಯಾರನ್ನು ಬಾಧಿಸಬೇಕು?

ವಿಜ್ಞಾನನಿಷ್ಠ ತತ್ವಜ್ಞರ ಗುಂಪಾಗಿದ್ದ ವಿಯೆನ್ನಾ ಬಳಗದ ಓಟ್ಟೊ ನೊಯ್ರಾಟ್ ಹೇಳಿದ ಹಡಗಿನ ಚಿತ್ರವನ್ನು ಕ್ವೈನ್ ತಮ್ಮ 1960ರ ಪುಸ್ತಕದ ಮುಖವಾಕ್ಯವಾಗಿ ಬಳಸಿದ್ದಾರೆ. ನಡುಗಡಲಿನಲ್ಲಿ ತೇಲುತ್ತಲೇ ಹಡಗನ್ನು ದುರಸ್ತಿ ಮಾಡಬೇಕಾದ ನಾವಿಕರು ನಾವು. ದಡಕ್ಕೆ ಎಳೆದು, ಎಲ್ಲವನ್ನೂ ಬಿಚ್ಚಿ, ಹೊಸದಾಗಿ ಕಟ್ಟುವ ಅವಕಾಶ ನಮಗಿಲ್ಲ. ಈ ಚಿತ್ರವನ್ನು ಸಾಮಾನ್ಯವಾಗಿ ಬುನಾದಿವಾದದ ವಿರುದ್ಧ ಮಾತ್ರ ಬಳಸುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದು ಸಾಪೇಕ್ಷತಾವಾದಿಯ ಕಾಲಡಿಯ ದಡವನ್ನೂ ತೆಗೆದುಹಾಕುತ್ತದೆ ಎಂಬುದು. ‘ನಿಮ್ಮ ಹಡಗು ನಿಮಗೆ, ಅವರ ಹಡಗು ಅವರಿಗೆ, ಎರಡೂ ಸಮಾನ’ ಎಂದು ಹೇಳಬೇಕಾದರೆ ಎರಡನ್ನೂ ದೂರದಿಂದ ನೋಡುತ್ತ ನಿಲ್ಲಲು ಎಲ್ಲಾದರೂ ನೆಲ ಬೇಕು. ಅಂಥ ನೆಲ ಇಲ್ಲವೆಂದ ಮೇಲೆ ವಾಸ್ತವವಾದದ ಪರವಾಗಿ ಹೊರಗಿನ ತೀರ್ಪು ಬರುವುದಿಲ್ಲ ಎಂಬುದು ಎಷ್ಟು ನಿಜವೋ, ಸಾಪೇಕ್ಷತಾವಾದದ ಪರವಾಗಿಯೂ ಬರುವುದಿಲ್ಲ ಎಂಬುದು ಅಷ್ಟೇ ನಿಜ. ಪ್ರತಿಯೊಂದು ಸಿದ್ಧಾಂತವೂ ತನ್ನ ಪಾಲಿಗೆ ಸತ್ಯ ಎಂಬ ಮಟ್ಟಕ್ಕೆ ನಾವು ಇಳಿದಂತಾಯಿತೇ ಎಂದು ಕ್ವೈನ್ ಆ ಪುಸ್ತಕದಲ್ಲಿ ತಮ್ಮನ್ನೇ ಕೇಳಿಕೊಂಡು, ಇಲ್ಲ ಎನ್ನುತ್ತಾರೆ. ನಾವು ನಮ್ಮ ಈಗಿನ ವಿಜ್ಞಾನವನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಲೇ ಇದ್ದೇವೆ, ತಿದ್ದಬೇಕಾದಾಗ ತಿದ್ದುತ್ತೇವೆ, ಅದರೊಳಗಿನಿಂದಲೇ ಸತ್ಯ–ಸುಳ್ಳುಗಳನ್ನು ಹೇಳುತ್ತೇವೆ ಎಂಬುದು ಅವರು ಕೊಡುವ ಕಾರಣ.

ಹಾಗಾದರೆ ಸತ್ತಾ ಸಾಪೇಕ್ಷತೆ ಎಂಬುದೇನು? ಅಪರಿಚಿತ ಭಾಷೆಯ ಜನರ ನಡುವೆ ಹೋದ ಭಾಷಾವಿಜ್ಞಾನಿಯ ಕಥೆ ಅನೇಕರಿಗೆ ಗೊತ್ತಿರಬಹುದು. ಮೊಲವೊಂದು ಓಡಿದಾಗ ಸ್ಥಳೀಯನೊಬ್ಬ ‘ಗವಗಾಯ್’ ಎನ್ನುತ್ತಾನೆ. ಆ ಮಾತು ಮೊಲವನ್ನು ಸೂಚಿಸುತ್ತದೆಯೋ, ಮೊಲದ ಬಿಡಿಯಾಗದ ಅವಯವಗಳನ್ನೋ, ಮೊಲದ ಕ್ಷಣಿಕ ಸ್ಥಿತಿಗಳನ್ನೋ ಎಂಬುದನ್ನು ಅವನ ನಡವಳಿಕೆಯಿಂದ ಮಾತ್ರ ತೀರ್ಮಾನಿಸಲಾಗದು. ಆದರೆ ಕ್ವೈನ್ ಮುಂದೆ ಹೆಚ್ಚು ನೆಚ್ಚಿಕೊಂಡ ವಾದಕ್ಕೆ ದೂರದ ಕಾಡೂ ಬೇಡ, ಅಪರಿಚಿತ ಭಾಷೆಯೂ ಬೇಡ. ನಮ್ಮದೇ ಸಿದ್ಧಾಂತವನ್ನು ತೆಗೆದುಕೊಂಡು, ಅದು ಮಾತಾಡುವ ಪ್ರತಿಯೊಂದು ಭೌತಿಕ ವಸ್ತುವಿನ ಜಾಗದಲ್ಲಿ ‘ಆ ವಸ್ತುವನ್ನು ಬಿಟ್ಟು ವಿಶ್ವದಲ್ಲಿ ಉಳಿದದ್ದೆಲ್ಲ’ ಎಂಬುದನ್ನು ಇಡಿ. ಅದಕ್ಕೆ ತಕ್ಕಂತೆ ‘ಓಡಿತು’ ಎಂಬ ಕ್ರಿಯಾಪದಕ್ಕೂ ‘ಓಡಿದ ವಸ್ತುವೊಂದನ್ನು ಬಿಟ್ಟು ಉಳಿದದ್ದು’ ಎಂಬ ಅರ್ಥ ಕೊಡಿ. ‘ಮೊಲ ಓಡಿತು’ ಎಂಬ ವಾಕ್ಯ ಮೊದಲು ಯಾವಾಗ ಸತ್ಯವಾಗಿತ್ತೋ ಈಗಲೂ ಆಗಲೇ ಸತ್ಯ. ವಾಕ್ಯಗಳ ನಡುವಿನ ತಾರ್ಕಿಕ ಸಂಬಂಧ ಒಂದೂ ಕೆಡುವುದಿಲ್ಲ. ವೀಕ್ಷಣೆಗೂ ವಾಕ್ಯಕ್ಕೂ ಇರುವ ಗಂಟು ಸಡಿಲವಾಗುವುದಿಲ್ಲ. ಸಾಕ್ಷ್ಯ ಅಂಟಿಕೊಂಡಿರುವುದು ಇಡೀ ವಾಕ್ಯಗಳಿಗೆ, ಮತ್ತು ವಾಕ್ಯಗಳ ಮೂಲಕ ಸಿದ್ಧಾಂತದ ಹಂದರಕ್ಕೆ. ಆ ಹಂದರದ ಗೂಡುಗಳಲ್ಲಿ ಯಾವ ವಸ್ತುಗಳನ್ನು ಕೂರಿಸುತ್ತೇವೆ ಎಂಬುದರ ಬಗ್ಗೆ ಸಾಕ್ಷ್ಯ ಉದಾಸೀನವಾಗಿದೆ.

ಮೊದಲ ಸಲ ಈ ವಾದವನ್ನು ಕೇಳಿದವರಿಗೆ ಜಗತ್ತು ಕೈಜಾರಿದ ಹಾಗಾಗುವುದು ಸಹಜ. ಆದರೆ ಇಲ್ಲಿ ಸಾಪೇಕ್ಷವಾಗಿರುವುದು ಯಾವುದು ಎಂಬುದನ್ನು ಬಿಡಿಸಿ ನೋಡಬೇಕು. ಒಂದು ಪದ ಯಾವುದನ್ನು ಸೂಚಿಸುತ್ತದೆ ಎಂಬ ಪ್ರಶ್ನೆಗೆ ಮತ್ತೊಂದು ಹಿನ್ನೆಲೆ ಭಾಷೆಯಲ್ಲಿ ಮಾತ್ರ ಉತ್ತರ ಕೊಡಲು ಸಾಧ್ಯ, ಮತ್ತು ಆ ಹಿಂದೆ ಹಿಂದೆ ಸರಿಯುವ ಸರಣಿ ನಮ್ಮ ಮಾತೃಭಾಷೆಯನ್ನು ಇದ್ದಂತೆಯೇ ಒಪ್ಪಿಕೊಳ್ಳುವಲ್ಲಿ ನಿಲ್ಲುತ್ತದೆ ಎಂದಷ್ಟೇ ಕ್ವೈನ್ ಹೇಳುತ್ತಿರುವುದು. ಸತ್ಯವನ್ನು ಅವರು ಮುಟ್ಟಿಲ್ಲ. ಸಾಪೇಕ್ಷತಾವಾದಕ್ಕೆ ಜೀವ ಬರಬೇಕಾದರೆ ಇಬ್ಬರು ಒಂದೇ ವಿಷಯದಲ್ಲಿ ಭಿನ್ನಾಭಿಪ್ರಾಯ ಹೊಂದಿರಬೇಕು, ಇಬ್ಬರೂ ಸರಿ ಎನಿಸಿಕೊಳ್ಳಬೇಕು. ವಸ್ತುಗಳನ್ನು ಅದಲುಬದಲು ಮಾಡಿದ ಈ ಎರಡು ಓದುಗಳ ನಡುವೆ ಜಗಳವೇ ಇಲ್ಲ; ಒಂದರಲ್ಲಿ ಸತ್ಯವಾದ ವಾಕ್ಯ ಇನ್ನೊಂದರಲ್ಲಿ ಸುಳ್ಳಾಗುವುದಿಲ್ಲ. ಈ ಕಾರಣದಿಂದ ಸತ್ತಾ ಸಾಪೇಕ್ಷತೆಯನ್ನು ಸಾಪೇಕ್ಷತಾವಾದದ ಸೋದರನೆಂದು ಕರೆಯುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಹೆಸರಿನ ಹೋಲಿಕೆಯೊಂದೇ ಈ ಗೊಂದಲಕ್ಕೆ ಕಾರಣ.

ಕ್ವೈನ್ ನಿಜವಾಗಿ ತಡವರಿಸಿದ್ದು ಬೇರೆ ಕಡೆ. ಸಾಧ್ಯವಿರುವ ಎಲ್ಲ ವೀಕ್ಷಣೆಗಳಿಗೂ ಸಮಾನವಾಗಿ ಹೊಂದುವ, ಆದರೆ ಒಂದನ್ನು ಇನ್ನೊಂದಕ್ಕೆ ಪದಶಃ ಬದಲಾಯಿಸಲು ಬಾರದ ಎರಡು ಜಗತ್‌ಸಿದ್ಧಾಂತಗಳಿದ್ದರೆ ಏನು ಮಾಡಬೇಕು? ನಮ್ಮದು ಮಾತ್ರ ಸತ್ಯವೆನ್ನುವ ಪಂಥೀಯ ನಿಲುವು, ಎರಡೂ ಸತ್ಯವೆನ್ನುವ ಸಮನ್ವಯದ ನಿಲುವು, ಇವುಗಳ ನಡುವೆ ಅವರು ವರ್ಷಗಟ್ಟಲೆ ಅತ್ತಿತ್ತ ಹೋಗುತ್ತಿದ್ದರು. ಅಷ್ಟು ಖಚಿತವಾಗಿ ಬರೆಯುತ್ತಿದ್ದವರು ಇಲ್ಲಿ ಮಾತ್ರ ನಿಲುವು ಬದಲಿಸುತ್ತ ಹೋದದ್ದನ್ನು ಟೀಕಾಕಾರರು ಲೋಪವೆಂದು ಎತ್ತಿ ತೋರಿಸಿದ್ದಾರೆ. ಹೊರಗಿನ ನೆಲವನ್ನು ಬಿಟ್ಟುಕೊಟ್ಟವರಿಗೆ ಈ ಪ್ರಶ್ನೆಯನ್ನು ಬಗೆಹರಿಸುವ ಸಾಧನ ಉಳಿದಿರುವುದಿಲ್ಲವಾದ್ದರಿಂದ, ತಡವರಿಸಿದ್ದೇ ಅವರ ಸಿದ್ಧಾಂತಕ್ಕೆ ನಿಷ್ಠವಾಗಿತ್ತು ಎಂದು ನಾನು ಹೇಳುತ್ತೇನೆ.

ನಿಸರ್ಗವಾದವನ್ನೇ ಮೆಟ್ಟಿಲು ಮಾಡಿಕೊಂಡು ನೇರವಾಗಿ ಸಾಪೇಕ್ಷತಾವಾದಕ್ಕೆ ಏರಿದವರೂ ಇದ್ದಾರೆ, ಮತ್ತು ಅವರನ್ನು ವಿಜ್ಞಾನವಿರೋಧಿಗಳೆಂದು ತಳ್ಳಿಹಾಕಲು ಬರುವುದಿಲ್ಲ. ಎಡಿನ್‌ಬರೊದ ಡೇವಿಡ್ ಬ್ಲೂರ್ 1976ರಲ್ಲಿ ಮಂಡಿಸಿದ ಜ್ಞಾನದ ಸಮಾಜಶಾಸ್ತ್ರ ಇದಕ್ಕೆ ಒಳ್ಳೆಯ ನಿದರ್ಶನ. ನಂಬಿಕೆಗಳು ಹುಟ್ಟುವುದು ಕಾರಣಗಳಿಂದ. ಸತ್ಯವಾದ ನಂಬಿಕೆಗೆ ಒಂದು ಬಗೆಯ ಕಾರಣ, ಸುಳ್ಳಾದ ನಂಬಿಕೆಗೆ ಇನ್ನೊಂದು ಬಗೆಯ ಕಾರಣ ಎಂದು ಪಂಕ್ತಿಭೇದ ಮಾಡದೆ, ಎರಡನ್ನೂ ಒಂದೇ ಬಗೆಯ ಕಾರಣಗಳಿಂದ ವಿವರಿಸಬೇಕು. ಈ ನಿಯಮ ಸಮಾಜಶಾಸ್ತ್ರಜ್ಞರ ಸ್ವಂತ ನಂಬಿಕೆಗಳಿಗೂ ಅನ್ವಯಿಸಬೇಕು. ಇದೆಲ್ಲ ವೈಜ್ಞಾನಿಕ ಮನೋಭಾವವೇ. ಇಲ್ಲಿಂದ ಬ್ಲೂರ್ ಮತ್ತು ಬ್ಯಾರಿ ಬಾರ್ನ್ಸ್ ಸಾಪೇಕ್ಷತಾವಾದವನ್ನು ಬಹಿರಂಗವಾಗಿ ಒಪ್ಪಿಕೊಂಡರು; ಯಾವ ಸಂದರ್ಭಕ್ಕೂ ಕಟ್ಟುಬೀಳದ, ಸಂಸ್ಕೃತಿಗಳಾಚೆಗಿನ ತರ್ಕಬದ್ಧತೆಯ ಮಾನದಂಡಗಳಿಲ್ಲ ಎಂದರು.

ಮೊದಲ ಹೆಜ್ಜೆಯಿಂದ ಎರಡನೆಯ ಹೆಜ್ಜೆ ಬರುತ್ತದೆಯೇ ಎಂಬುದನ್ನು ಜ್ವರ ನೋಡುವ ಥರ್ಮಾಮೀಟರಿನಿಂದ ಪರೀಕ್ಷಿಸಬಹುದು. ಸರಿಯಾಗಿರುವ ಥರ್ಮಾಮೀಟರು 101 ಡಿಗ್ರಿ ತೋರಿಸುವುದಕ್ಕೂ ಕೆಟ್ಟಿರುವುದು 97 ಡಿಗ್ರಿ ತೋರಿಸುವುದಕ್ಕೂ ಪಾದರಸ, ಗಾಜು, ಶಾಖಗಳ ಒಂದೇ ಭೌತಶಾಸ್ತ್ರ ವಿವರಣೆ ಕೊಡುತ್ತದೆ. ವಿವರಣೆ ಒಂದೇ ಆದ ಮಾತ್ರಕ್ಕೆ ಎರಡೂ ಸಮಾನವಾಗಿ ಸರಿಯಾಗುವುದಿಲ್ಲ. ಮಗುವಿಗೆ ಜ್ವರ ಇದೆಯೋ ಇಲ್ಲವೋ ಎಂಬುದು ಥರ್ಮಾಮೀಟರುಗಳ ಸಮಾನತೆಯಿಂದ ತೀರ್ಮಾನವಾಗುವ ಸಂಗತಿಯಲ್ಲ. ಬ್ಲೂರ್ ಪರವಾಗಿ ಯಾರಾದರೂ ಹೀಗೆ ಕೇಳಬಹುದು: ಯಾವುದು ಕೆಟ್ಟದ್ದು ಎಂದು ನಿಮಗೆ ಹೇಗೆ ಗೊತ್ತಾಯಿತು, ಇನ್ನೊಂದು ಥರ್ಮಾಮೀಟರಿನಿಂದ ತಾನೇ? ಹೌದು, ಇನ್ನೊಂದರಿಂದಲೇ. ಅದನ್ನು ಪರೀಕ್ಷಿಸಲು ಮತ್ತೊಂದು ಬೇಕು. ನೊಯ್ರಾಟ್ ಅವರ ನಾವಿಕರು ಒಂದು ಹಲಗೆಯ ಮೇಲೆ ನಿಂತು ಇನ್ನೊಂದನ್ನು ಬದಲಿಸುವುದೂ ಹೀಗೆಯೇ. ಅಳತೆಗಳೆಲ್ಲವನ್ನೂ ಒಟ್ಟಿಗೆ ಪರೀಕ್ಷಿಸಲಾಗದು ಎಂಬುದು ಸತ್ಯ. ಆದ್ದರಿಂದ ಯಾವ ಅಳತೆಯನ್ನೂ ಪರೀಕ್ಷಿಸಲಾಗದು ಎಂಬುದು ಅದರಿಂದ ಬರುವುದಿಲ್ಲ.

ಹಾರ್ವರ್ಡ್‌ನಲ್ಲಿ ಕ್ವೈನ್ ಅವರ ಸಹೋದ್ಯೋಗಿಯಾಗಿದ್ದ ಹಿಲರಿ ಪಟ್ನಮ್ ಎತ್ತಿದ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ನಂಬಿಕೆ ಹೇಗೆ ಹುಟ್ಟುತ್ತದೆ ಎಂದು ಮಾತ್ರ ಹೇಳುವ ಶಾಸ್ತ್ರದಲ್ಲಿ ‘ಇದನ್ನು ನಂಬಬೇಕು, ಅದನ್ನು ನಂಬಬಾರದು’ ಎಂಬ ಮಾತಿಗೆ ಎಡೆ ಎಲ್ಲಿದೆ? ಬೇಕು–ಬಾರದುಗಳನ್ನು ತೆಗೆದುಹಾಕಲು ಹೊರಡುವುದು ಬುದ್ಧಿ ತನ್ನನ್ನೇ ಕೊಂದುಕೊಳ್ಳಲು ಮಾಡುವ ಪ್ರಯತ್ನ ಎಂದು 1980ರ ದಶಕದ ಆರಂಭದಲ್ಲಿ ಪಟ್ನಮ್ ಬರೆದರು. 1988ರಲ್ಲಿ ಜೇಗ್ವಾನ್ ಕಿಮ್ ಇದೇ ಆಕ್ಷೇಪವನ್ನು ಇನ್ನೂ ಕ್ರಮಬದ್ಧವಾಗಿ ಮಂಡಿಸಿದರು. ಕ್ವೈನ್ ಕೊಟ್ಟ ಉತ್ತರವೆಂದರೆ, ಜ್ಞಾನಮೀಮಾಂಸೆಯ ‘ಬೇಕು’ ಎಂಬುದು ಎಂಜಿನಿಯರಿನ ‘ಬೇಕು’ ಇದ್ದಂತೆ: ಮುಂದಾಗುವುದನ್ನು ಸರಿಯಾಗಿ ಊಹಿಸುವುದು ನಿಮ್ಮ ಗುರಿಯಾದರೆ ಜ್ಯೋತಿಷ್ಯವನ್ನು ನೆಚ್ಚಬೇಡಿ, ಹೀಗೆ ಹೀಗೆ ಮಾಡಿ. ಗುರಿಯನ್ನು ಒಪ್ಪಿದವರಿಗೆ ಈ ಉತ್ತರ ಸಾಕು. ಗುರಿಯನ್ನೇ ಬೇರೆ ಇಟ್ಟುಕೊಂಡವರ ಮುಂದೆ ಕ್ವೈನ್ ಅವರ ಎಂಜಿನಿಯರು ಸುಮ್ಮನಾಗಬೇಕಾಗುತ್ತದೆ, ಮತ್ತು ಸಾಪೇಕ್ಷತಾವಾದ ನಿಜವಾಗಿ ಕಾಲಿಡುವ ಸಂದಿ ಇದೇ ಎಂದು ನನ್ನ ಅಂದಾಜು. ಎಲೆಕ್ಟ್ರಾನುಗಳ ವಿಷಯದಲ್ಲಿ ಈ ಸಂದಿ ಅಷ್ಟಾಗಿ ಕಾಣುವುದಿಲ್ಲ, ನೀತಿಯ ವಿಷಯಕ್ಕೆ ಬಂದಾಗ ದೊಡ್ಡದಾಗಿ ಕಾಣುತ್ತದೆ. ನೀತಿಶಾಸ್ತ್ರಕ್ಕೆ ವಿಜ್ಞಾನಕ್ಕಿರುವಂಥ ವೀಕ್ಷಣೆಯ ಊರೆಗೋಲಿಲ್ಲ ಎಂಬುದನ್ನು ಸ್ವತಃ ಕ್ವೈನ್ ಒಪ್ಪಿದ್ದರು.

ಹೀಗೆ ವಾದಪ್ರತಿವಾದಗಳಲ್ಲಿಯೇ ಮುಗಿದುಹೋಗುತ್ತಿದ್ದ ವಿಷಯವೊಂದು 2001ರಲ್ಲಿ ಪ್ರಯೋಗಕ್ಕೆ ಒಳಗಾಯಿತು; ಇದರಲ್ಲಿ ಭಾರತ ಉಪಖಂಡದ ಮೂಲದವರೂ ಪಾತ್ರಧಾರಿಗಳು. 1963ರಲ್ಲಿ ಎಡ್ಮಂಡ್ ಗೆಟ್ಟಿಯರ್ ಮೂರು ಪುಟದ ಲೇಖನವೊಂದರಲ್ಲಿ, ಆಧಾರಸಹಿತವಾದ ಸತ್ಯ ನಂಬಿಕೆ ಇದ್ದರೂ ಅದು ಜ್ಞಾನವಾಗದ ಸಂದರ್ಭಗಳಿವೆ ಎಂದು ತೋರಿಸಿದ್ದರು. ತತ್ವಜ್ಞರು ಅದನ್ನು ಒಪ್ಪಿದ್ದು ಆ ಸಂದರ್ಭಗಳನ್ನು ಓದಿದ ಕೂಡಲೇ ‘ಇದು ಜ್ಞಾನವಲ್ಲ’ ಎಂದು ಮನಸ್ಸಿಗೆ ಹೊಳೆಯುತ್ತದೆ ಎಂಬ ಬಲದ ಮೇಲೆ. ಆದರೆ ಯಾರ ಮನಸ್ಸಿಗೆ? ಜೊನಾಥನ್ ವೈನ್‌ಬರ್ಗ್, ಶಾನ್ ನಿಕೋಲ್ಸ್ ಮತ್ತು ಸ್ಟೀಫನ್ ಸ್ಟಿಚ್ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮುಂದೆ ಒಂದು ಪುಟ್ಟ ಕಥೆಯನ್ನಿಟ್ಟರು. ಬಾಬ್‌ನ ಗೆಳತಿ ಜಿಲ್ ಹಲವು ವರ್ಷಗಳಿಂದ ಬ್ಯೂಕ್ ಕಾರನ್ನು ಓಡಿಸುತ್ತಿದ್ದಾಳೆ. ಆದ್ದರಿಂದ ಆಕೆ ಓಡಿಸುವುದು ಅಮೆರಿಕದ ಕಾರು ಎಂದು ಬಾಬ್ ತಿಳಿದಿದ್ದಾನೆ. ಆ ಬ್ಯೂಕ್ ಇತ್ತೀಚೆಗೆ ಕಳವಾಗಿದೆ, ಆಕೆ ಅದರ ಬದಲು ಪಾಂಟಿಯಾಕ್ ಕೊಂಡಿದ್ದಾಳೆ, ಅದೂ ಅಮೆರಿಕದ್ದೇ. ಇವೆರಡೂ ಬಾಬ್‌ಗೆ ಗೊತ್ತಿಲ್ಲ. ಜಿಲ್ ಅಮೆರಿಕದ ಕಾರು ಓಡಿಸುತ್ತಾಳೆಂದು ಬಾಬ್‌ಗೆ ನಿಜವಾಗಿ ಗೊತ್ತಿದೆಯೋ, ಅಥವಾ ಅವನು ಹಾಗೆಂದು ನಂಬಿದ್ದಾನೆ ಅಷ್ಟೆಯೋ?

ಪಾಶ್ಚಾತ್ಯ ಹಿನ್ನೆಲೆಯವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ‘ನಂಬಿದ್ದಾನೆ ಅಷ್ಟೆ’ ಎಂದರು. ಪೂರ್ವ ಏಷ್ಯಾ ಮೂಲದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ‘ಗೊತ್ತಿದೆ’ ಎಂದರು. ಭಾರತ ಉಪಖಂಡದ ಮೂಲದವರಲ್ಲಿ ಶೇಕಡಾ 61ರಷ್ಟು ಮಂದಿ ‘ಗೊತ್ತಿದೆ’ ಎಂಬ ಉತ್ತರ ಆರಿಸಿಕೊಂಡರು. ಜ್ಞಾನವೆಂದರೇನು ಎಂಬ ಪ್ರಶ್ನೆಗೆ ಪಶ್ಚಿಮದ ತತ್ವಜ್ಞರು ಕೊಟ್ಟ ಉತ್ತರ ಅವರ ಕುಲಾಚಾರಕ್ಕಿಂತ ಹೆಚ್ಚಿನದೇನಲ್ಲವೇನೋ ಎಂಬ ಅನುಮಾನ ಹುಟ್ಟಲು ಇಷ್ಟು ಸಾಕಾಯಿತು. ಸಾಪೇಕ್ಷತಾವಾದ ಮೊದಲ ಬಾರಿಗೆ ಅಂಕಿಗಳೊಡನೆ ಬಂದಿತ್ತು. ಆ 61ರ ಹಿಂದೆ ಇದ್ದವರು ಒಟ್ಟು 23 ಜನ ಎಂಬುದನ್ನು ಮಾತ್ರ ಚರ್ಚೆಯ ಉತ್ಸಾಹದಲ್ಲಿ ಹೆಚ್ಚಿನವರು ಗಮನಿಸಿದಂತೆ ಕಾಣುವುದಿಲ್ಲ.

2010ರ ದಶಕದಲ್ಲಿ ಈ ಪ್ರಯೋಗವನ್ನು ಬೇರೆ ಬೇರೆ ಗುಂಪುಗಳು ಮತ್ತೆ ನಡೆಸಿದಾಗ ಆ ವ್ಯತ್ಯಾಸ ಸಿಗಲಿಲ್ಲ. ಬ್ರೆಜಿಲ್, ಭಾರತ, ಜಪಾನ್ ಮತ್ತು ಅಮೆರಿಕಗಳಲ್ಲಿ ಆಯಾ ನಾಡಿನ ಭಾಷೆಗಳಲ್ಲಿಯೇ ಗೆಟ್ಟಿಯರ್ ಮಾದರಿಯ ಕಥೆಗಳನ್ನು ಕೊಟ್ಟು ಎಡ್ವರ್ಡ್ ಮಶೆರಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ನಾಲ್ಕೂ ಕಡೆಯ ಜನ ಬಹುಮಟ್ಟಿಗೆ ಇದು ಜ್ಞಾನವಲ್ಲ ಎಂಬ ಕಡೆಗೇ ವಾಲಿದರು. ನಮ್ಮ ಪರಂಪರೆಯನ್ನು ಬಲ್ಲವರಿಗೆ ಇದರಿಂದ ಅಚ್ಚರಿಯಾಗಬೇಕಿಲ್ಲ. ಧರ್ಮಕೀರ್ತಿಯ ಮೇಲೆ ವ್ಯಾಖ್ಯಾನ ಬರೆದ ಎಂಟನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ, ಮರೀಚಿಕೆಯನ್ನು ಕಂಡು ನೀರಿದೆಯೆಂದು ನಡೆದು ಹೋದವನಿಗೆ ಅದೇ ಜಾಗದಲ್ಲಿ ಆಕಸ್ಮಿಕವಾಗಿ ನೀರು ಸಿಕ್ಕರೂ ಮೊದಲಿನ ತಿಳಿವು ಪ್ರಮಾಣ, ಅಂದರೆ ನಿಜವಾದ ಜ್ಞಾನ, ಆಗುವುದಿಲ್ಲ ಎಂದು ವಾದಿಸಿದ್ದ. ಮುಚ್ಚಿದ ಮುಷ್ಟಿಯಲ್ಲಿ ಐದು ಕವಡೆಗಳಿವೆ ಎಂದು ಸುಮ್ಮನೆ ಹೇಳಿ ಅದು ನಿಜವಾಗಿಬಿಟ್ಟವನ ಉದಾಹರಣೆಯನ್ನು ಅದ್ವೈತಿ ಶ್ರೀಹರ್ಷ ಬಳಸಿದ್ದು ಹನ್ನೆರಡನೆಯ ಶತಮಾನದಲ್ಲಿ.

ಈ ಫಲಿತಾಂಶದಿಂದ ವಾಸ್ತವವಾದ ಗೆದ್ದಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಾಲ್ಕು ದೇಶದ ಜನರಿಗೆ ಒಂದೇ ಬಗೆಯಲ್ಲಿ ಹೊಳೆಯಿತು ಎಂಬುದು ಮನುಷ್ಯರ ಮನಸ್ಸಿನ ಬಗ್ಗೆ ಒಂದು ಸಂಗತಿ. ಜ್ಞಾನದ ಸ್ವರೂಪ ಹೀಗೆಯೇ ಇದೆ ಎಂಬುದಕ್ಕೆ ಅದು ಸಾಕ್ಷಿಯಾಗಬೇಕಾದರೆ ಇನ್ನೂ ಬಹಳ ಕೆಲಸವಿದೆ. ಎಲ್ಲರಿಗೂ ಸೂರ್ಯ ಸುತ್ತುವಂತೆ ಕಂಡ ಕಾಲವೊಂದಿತ್ತಲ್ಲ. ನನಗೆ ಇಲ್ಲಿ ಆಸಕ್ತಿ ಹುಟ್ಟಿಸುವುದು ಸಾಪೇಕ್ಷತಾವಾದಕ್ಕೆ ಆದ ಸ್ಥಾನಪಲ್ಲಟ. ಅದು ಎಲ್ಲ ವಾದಗಳ ಮೇಲೆ ಕವಿದುಕೊಂಡಿರುವ ಮೋಡದಂತೆ ಇರುವವರೆಗೆ ಅದನ್ನು ಗೆಲ್ಲುವುದೂ ಸಾಧ್ಯವಿರಲಿಲ್ಲ, ಸೋಲಿಸುವುದೂ ಸಾಧ್ಯವಿರಲಿಲ್ಲ. ನಿಸರ್ಗವಾದಿಗಳು ಅದನ್ನು ಇಂಥ ಜನ, ಇಂಥ ಪ್ರಶ್ನೆ, ಇಂಥ ವ್ಯತ್ಯಾಸ ಎಂದು ಹೇಳಬಲ್ಲ ಒಂದು ಪ್ರಾಕ್ಕಲ್ಪನೆಯಾಗಿ ಕೆಳಗಿಳಿಸಿದರು, ಮತ್ತು ಪ್ರಾಕ್ಕಲ್ಪನೆಗಳಿಗೆ ತಪ್ಪಾಗುವ ಹಕ್ಕೂ ಇದೆ, ಸರಿಯಾಗುವ ಹಕ್ಕೂ ಇದೆ.

ಸರಿಯಾಗುವ ಸಾಧ್ಯತೆಯ ಕಡೆಗೆ ಬೆರಳು ತೋರಿಸುವ ಪ್ರಯೋಗವೂ ಒಂದಿದೆ. ತರ್ಕಶಾಸ್ತ್ರಜ್ಞ ಗೋಡೆಲ್ ಹೆಸರಿನಲ್ಲಿ ಪ್ರಸಿದ್ಧವಾದ ಗಣಿತದ ಅಪೂರ್ಣತೆಯ ಪ್ರಮೇಯವನ್ನು ನಿಜವಾಗಿ ಕಂಡುಹಿಡಿದದ್ದು ಷ್ಮಿಟ್ ಎಂಬ ಇನ್ನೊಬ್ಬನಾಗಿದ್ದು, ಗೋಡೆಲ್ ಆ ಹಸ್ತಪ್ರತಿಯನ್ನು ದಕ್ಕಿಸಿಕೊಂಡಿದ್ದರೆ, ‘ಗೋಡೆಲ್’ ಎಂಬ ಹೆಸರು ಯಾರನ್ನು ಸೂಚಿಸುತ್ತದೆ ಎಂದು ಅಮೆರಿಕದ ತತ್ವಜ್ಞ ಸಾಲ್ ಕ್ರಿಪ್ಕಿ 1970ರ ಉಪನ್ಯಾಸಗಳಲ್ಲಿ ಕೇಳಿದ್ದರು; ಗೋಡೆಲ್ ಅವರನ್ನೇ, ಎಂಬುದು ಅವರಿಗೆ ಸ್ವಯಂವೇದ್ಯವಾಗಿತ್ತು. 2004ರಲ್ಲಿ ಮಶೆರಿ, ಸ್ಟಿಚ್ ಮೊದಲಾದವರು ಇದನ್ನು ರಟ್ಗರ್ಸ್‌ನಲ್ಲಿಯೂ ಹಾಂಗ್‌ಕಾಂಗ್‌ನಲ್ಲಿಯೂ ಕೇಳಿದಾಗ, ಹಾಂಗ್‌ಕಾಂಗ್‌ನ ವಿದ್ಯಾರ್ಥಿಗಳು ಪ್ರಮೇಯವನ್ನು ಕಂಡುಹಿಡಿದವನತ್ತ, ಅಂದರೆ ಷ್ಮಿಟ್‌ನತ್ತ, ಅಮೆರಿಕದವರಿಗಿಂತ ಹೆಚ್ಚಾಗಿ ವಾಲಿದರು. ಪ್ರಶ್ನೆಯನ್ನು ಕೇಳಿದ ರೀತಿ ಅಸ್ಪಷ್ಟವಾಗಿತ್ತೆಂಬ ಆಕ್ಷೇಪಗಳು ಬಂದಿವೆ, ಚರ್ಚೆ ಇನ್ನೂ ನಡೆದಿದೆ. ಆದರೂ ಈ ವ್ಯತ್ಯಾಸ ಬಾಬ್ ಮತ್ತು ಜಿಲ್ ಕಥೆಯ ವ್ಯತ್ಯಾಸದಷ್ಟು ಸುಲಭವಾಗಿ ಉರುಳಿಲ್ಲ. ಜ್ಞಾನದ ವಿಷಯದಲ್ಲಿ ಒಮ್ಮತವಿದ್ದು, ಪದ ಯಾವುದನ್ನು ಸೂಚಿಸುತ್ತದೆ ಎಂಬ ವಿಷಯದಲ್ಲಿ ಭಿನ್ನತೆ ಉಳಿದರೆ, ಕ್ವೈನ್ ಸಾಪೇಕ್ಷತೆಗೆ ಜಾಗ ಮಾಡಿಕೊಟ್ಟದ್ದೂ ಸೂಚನೆಯ ವಿಷಯದಲ್ಲಿಯೇ ಎಂಬುದು ನೆನಪಿಗೆ ಬರುತ್ತದೆ. ಎರಡೂ ಒಂದೇ ಸಂಗತಿಯಲ್ಲ. ಕ್ವೈನ್ ಹೇಳಿದ ಅನಿಶ್ಚಿತತೆ ಒಬ್ಬನೇ ಮನುಷ್ಯನ ಒಂದೇ ಭಾಷೆಯೊಳಗೂ ಇರುವಂಥದ್ದು, ಅದಕ್ಕೆ ಹಾಂಗ್‌ಕಾಂಗ್‌ನ ಸಮೀಕ್ಷೆ ಬೇಕಿಲ್ಲ. ಆದರೆ ಸೂಚನೆಯ ಬಗ್ಗೆ ಒಂದು ಸಿದ್ಧಾಂತ ಕಟ್ಟಿ, ಅದರ ಮೇಲೆ ವಾಸ್ತವವಾದವನ್ನು ನಿಲ್ಲಿಸಲು ಹೊರಟವರು ಕ್ರಿಪ್ಕಿಯ ನಂತರ ಅನೇಕರಿದ್ದಾರೆ, ಮತ್ತು ಅವರಲ್ಲಿ ಹೆಚ್ಚಿನವರು ತಮ್ಮನ್ನು ನಿಸರ್ಗವಾದಿಗಳೆಂದೇ ಕರೆದುಕೊಳ್ಳುತ್ತಾರೆ. ಆ ವಿದ್ಯಾರ್ಥಿಗಳ ಉತ್ತರಕ್ಕೆ ಉತ್ತರ ಕೊಡಬೇಕಾದವರು ಅವರು.